ಗೆಳೆಯರು ಕಳಿಸಿದ 143 ಎಪಿಸೋಡ್‌ಗಳು: ಯಾವುದನ್ನು ಕೇಳಲಿ, ಯಾವುದನ್ನು ಬಿಡಲಿ?

ಓದುಗರ ಪ್ರಶ್ನೆ

ಮೇಡಂ, ನನಗೆ 39 ವರ್ಷ. ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ದಿನಾ ವಿಜಯನಗರದಿಂದ ಕಾಡುಗೋಡಿಗೆ ಮೆಟ್ರೊದಲ್ಲಿ ಓಡಾಟ. ಹೋಗೋಕೆ ಒಂದು ಗಂಟೆ, ಬರೋಕೆ ಒಂದು ಗಂಟೆ. ಆಫೀಸಿನ ಗೆಳತಿಯರ ಒಂದು ವಾಟ್ಸ್ಆ್ಯಪ್ ಗ್ರೂಪ್ ಇದೆ. ಅದರಲ್ಲಿ ದಿನಾ ಯಾರಾದರೂ ಒಂದು ಪಾಡ್‌ಕಾಸ್ಟ್ ಲಿಂಕ್ ಹಾಕಿ ‘ಇದನ್ನ ಕೇಳಲೇಬೇಕು’ ಅನ್ನುತ್ತಾರೆ. ನಾನೂ ಸೇವ್ ಮಾಡಿಕೊಳ್ಳುತ್ತೇನೆ. ಈಗ ನನ್ನ ಫೋನಿನಲ್ಲಿ 143 ಎಪಿಸೋಡ್ ಇವೆ. ಪೂರ್ತಿ ಕೇಳಿದ್ದು ಹತ್ತು ಕೂಡ ಇಲ್ಲ. ಹತ್ತು ನಿಮಿಷ ಆದ ಮೇಲೆ ಮನಸ್ಸು ಎಲ್ಲೋ ಹೋಗಿರುತ್ತದೆ. ಮುಗಿಸಿದರೂ ಸಂಜೆಗೆ ನೆನಪಿರಲ್ಲ. ಬೇಗ ಮುಗಿಯಲಿ ಅಂತ ಒಂದೂವರೆ ಪಟ್ಟು ವೇಗದಲ್ಲಿ ಕೇಳುತ್ತೇನೆ. ಅದು ತಪ್ಪಾ? ಅಮೆರಿಕದವರ ಇಂಗ್ಲಿಷ್ ಅರ್ಧ ಗೊತ್ತಾಗಲ್ಲ, ಆದರೆ ಗ್ರೂಪ್‌ನಲ್ಲಿ ಹೇಳೋಕೆ ನಾಚಿಕೆ. ಒಮ್ಮೊಮ್ಮೆ ಮನೆಗೆ ಬಂದ ಮೇಲೆ ಕಿವಿಯಲ್ಲಿ ಕುಂಯ್ ಅನ್ನುತ್ತದೆ. ನನ್ನ ಗಮನಶಕ್ತಿಯೇ ಹೋಗಿದೆಯಾ? ಇಲ್ಲ ಅಂದರೆ, ನಿಜವಾಗಲೂ ಕೇಳುವಂಥ ನಾಲ್ಕೈದು ಎಪಿಸೋಡ್ ಹೇಳಿ. ಮೈಸೂರಿನಲ್ಲಿರುವ ನಮ್ಮ ಅಮ್ಮನಿಗೂ ಏನಾದರೂ ಕೇಳಿಸಬೇಕು ಅಂತ ಆಸೆ.

ಉತ್ತರ

ಯಾವುದನ್ನು ಕೇಳಲಿ ಅಂತ ಬರೆದಿದ್ದೀರಿ. ಆದರೆ ಪತ್ರ ಓದುತ್ತಾ ಹೋದ ಹಾಗೆ ‘ನನಗೇನೋ ಆಗಿದೆ’ ಅನ್ನುವ ಭಯವೇ ಜಾಸ್ತಿ ಕಾಣಿಸಿತು. ಅದನ್ನು ಮೊದಲು ಮುಗಿಸೋಣ.

ನಾನು 18 ವರ್ಷ ರೇಡಿಯೊ ಕಾರ್ಯಕ್ರಮ ಮಾಡಿದವಳು. ಈಗ ಏಳು ವರ್ಷದಿಂದ ಪಾಡ್‌ಕಾಸ್ಟ್ ಎಡಿಟ್ ಮಾಡುತ್ತೇನೆ. ದಿನಕ್ಕೆ ಐದಾರು ಗಂಟೆ ಬೇರೆಯವರ ಮಾತು ಕೇಳುವುದೇ ನನ್ನ ಕೆಲಸ. ನನಗೂ ಹತ್ತು ನಿಮಿಷಕ್ಕೊಮ್ಮೆ ಮನಸ್ಸು ಜಾರುತ್ತದೆ. ಜಾರಿದ್ದು ಗೊತ್ತಾದಾಗ ಹಿಂದಕ್ಕೆ ಹೋಗಿ ಮತ್ತೆ ಕೇಳುತ್ತೇನೆ. ಓದುವಾಗಲೂ ಹೀಗೇ ಆಗುತ್ತದೆ. ಆದರೆ ಅಲ್ಲಿ ಕಣ್ಣು ತಾನಾಗಿ ಮೇಲಿನ ಸಾಲಿಗೆ ಹೋಗುತ್ತದೆ, ಅದು ನಮಗೆ ತಿಳಿಯುವುದೂ ಇಲ್ಲ. ಕೇಳುವಾಗ ಮಾತು ನಮಗಾಗಿ ನಿಲ್ಲುವುದಿಲ್ಲ. ಬಿಟ್ಟುಹೋದದ್ದು ಹೋಯಿತು. ಅದಕ್ಕೇ ಏನೂ ನೆನಪಿಲ್ಲ ಅನ್ನಿಸುತ್ತದೆ.

ಈ ಬಗ್ಗೆ ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಅಮೆರಿಕದಲ್ಲಿ 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಒಂದೇ ಪಾಠವನ್ನು ಕೆಲವು ವಿದ್ಯಾರ್ಥಿಗಳು ಓದಿದರು, ಕೆಲವರು ಪಾಡ್‌ಕಾಸ್ಟ್ ಆಗಿ ಕೇಳಿದರು. ಪರೀಕ್ಷೆಯಲ್ಲಿ ಕೇಳಿದವರು ಹಿಂದೆ ಬಿದ್ದರು. 2016ರ ಇನ್ನೊಂದು ಅಧ್ಯಯನದಲ್ಲಿ ಓದಿದವರಿಗೂ ಕೇಳಿದವರಿಗೂ ಹೆಚ್ಚು ವ್ಯತ್ಯಾಸವೇ ಕಾಣಲಿಲ್ಲ. ಮೊದಲನೆಯದರಲ್ಲಿ ಇದ್ದದ್ದು ಪಾಠದಂಥ ಬರಹ. ಎರಡನೆಯದರಲ್ಲಿ ಇದ್ದದ್ದು ಕತೆಯ ಹಾಗೆ ಸಾಗುವ ಪುಸ್ತಕದ ಭಾಗ. ನನ್ನ ಅನುಭವಕ್ಕೂ ಇದು ಹೊಂದುತ್ತದೆ. ಕಿವಿಗೆ ಕತೆ ಹಿಡಿಸುತ್ತದೆ. ಪಟ್ಟಿ, ಅಂಕಿಸಂಖ್ಯೆ, ಒಂದರ ಮೇಲೊಂದು ವಾದ ಕಿವಿಯಲ್ಲಿ ನಿಲ್ಲುವುದಿಲ್ಲ. ನೀವು ಸೇವ್ ಮಾಡಿಕೊಂಡ 143ರಲ್ಲಿ ಇಬ್ಬರು ಕೂತು ಹಣದ ಬಗ್ಗೆ, ಆರೋಗ್ಯದ ಬಗ್ಗೆ ಎರಡು ಗಂಟೆ ಮಾತಾಡುವಂಥವೇ ಜಾಸ್ತಿ ಇರಬೇಕು. ಅವು ನೆನಪಿರದಿದ್ದರೆ ನಿಮ್ಮ ತಲೆಯನ್ನು ಬೈದುಕೊಳ್ಳಬೇಡಿ.

ಅದರ ಮೇಲೆ ಮೆಟ್ರೊ ಸದ್ದು. ಅದರ ಮೇಲೆ ಪರಿಚಯವಿಲ್ಲದ ಉಚ್ಚಾರಣೆ. ಅದರ ಮೇಲೆ ಒಂದೂವರೆ ಪಟ್ಟು ವೇಗ. ಇಷ್ಟನ್ನೂ ಒಟ್ಟಿಗೆ ಹೊತ್ತುಕೊಂಡು ಯಾರಾದರೂ ಒಂದು ಗಂಟೆ ಪೂರ್ತಿ ಹಿಡಿದಿಟ್ಟುಕೊಂಡರೆ ಅದು ಆಶ್ಚರ್ಯ.

ವೇಗದ ವಿಷಯ ಕೇಳಿದ್ದೀರಿ. ಅದು ತಪ್ಪೇನಲ್ಲ. ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಿದ್ಯಾರ್ಥಿಗಳು ಪಾಠದ ವಿಡಿಯೊಗಳನ್ನು ಎರಡು ಪಟ್ಟು ವೇಗದ ತನಕ ನೋಡಿದರೂ ಅರ್ಥವಾಗುವುದರಲ್ಲಿ ದೊಡ್ಡ ನಷ್ಟ ಆಗಲಿಲ್ಲ. ಆದರೆ ಅವರು ಅಮೆರಿಕದ ವಿದ್ಯಾರ್ಥಿಗಳು. ಪರದೆ ನೋಡುತ್ತಾ ಕೇಳಿದವರು. ನಿಂತುಕೊಂಡು, ಕಂಬಿ ಹಿಡಿದುಕೊಂಡು, ಮೆಜೆಸ್ಟಿಕ್‌ನಲ್ಲಿ ಹತ್ತುವವರ ನೂಕಿನ ನಡುವೆ ಕೇಳುವವರಿಗೆ ಆ ಲೆಕ್ಕ ಹಾಗೇ ಅನ್ವಯಿಸುವುದಿಲ್ಲ. ಕನ್ನಡದ ಹರಟೆಯನ್ನು ಬೇಕಾದರೆ ವೇಗವಾಗಿ ಕೇಳಿ. ಇಂಗ್ಲಿಷಿನದನ್ನು ಇದ್ದ ವೇಗದಲ್ಲೇ ಕೇಳಿ. ಕತೆ ಹೇಳುವ ಎಪಿಸೋಡನ್ನಂತೂ ದಯವಿಟ್ಟು ಓಡಿಸಬೇಡಿ. ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಎಷ್ಟು ಬಿಡಬೇಕು ಅಂತ ನಮ್ಮಂಥವರು ಗಂಟೆಗಟ್ಟಲೆ ಕೂತು ಯೋಚಿಸಿರುತ್ತೇವೆ. ವೇಗ ಹೆಚ್ಚಿಸಿದಾಗ ಮೊದಲು ಸಾಯುವುದು ಆ ಮೌನ.

ಕಿವಿಯಲ್ಲಿ ಕುಂಯ್ ಅನ್ನುವುದನ್ನು ಮಾತ್ರ ಹಗುರವಾಗಿ ತಗೋಬೇಡಿ. ಸದ್ದನ್ನು ಅಳೆಯುವುದು ಡೆಸಿಬಲ್ ಲೆಕ್ಕದಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹಾಕಿರುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬಲ್. ಸದ್ದು ಮೂರು ಡೆಸಿಬಲ್ ಏರಿದರೆ ಸುರಕ್ಷಿತ ಸಮಯ ಅರ್ಧವಾಗುತ್ತದೆ. 90 ಡೆಸಿಬಲ್‌ಗೆ ಹೋದರೆ ವಾರಕ್ಕೆ ನಾಲ್ಕೇ ಗಂಟೆ. ನಿಮ್ಮ ಓಡಾಟದಲ್ಲಿ ಎರಡು ದಿನಕ್ಕೇ ಅದು ಮುಗಿದುಹೋಗುತ್ತದೆ. ರೈಲಿನ ಸದ್ದಿಗಿಂತ ಜೋರಾಗಿ ಮಾತು ಕೇಳಬೇಕು ಅಂತ ನಾವು ಗೊತ್ತಿಲ್ಲದೇ ವಾಲ್ಯೂಮ್ ಏರಿಸುತ್ತಾ ಹೋಗುತ್ತೇವೆ. ಹೊರಗಿನ ಸದ್ದು ತಡೆಯುವ ಇಯರ್‌ಫೋನ್ ಇದ್ದರೆ ಅಷ್ಟು ಏರಿಸಬೇಕಾಗಿಲ್ಲ. ಮನೆಯಲ್ಲಿ ಸದ್ದಿಲ್ಲದಾಗ ಎಷ್ಟು ಇಟ್ಟುಕೊಳ್ಳುತ್ತೀರೋ ನೋಡಿ. ರೈಲಿನಲ್ಲಿ ಅದಕ್ಕಿಂತ ತುಂಬಾ ಜಾಸ್ತಿ ಬೇಕಾದರೆ, ಆ ಹೊತ್ತು ಕೇಳಬೇಡಿ. ಕುಂಯ್ ಅನ್ನುವುದು ಒಂದೆರಡು ದಿನದಲ್ಲಿ ಹೋಗದಿದ್ದರೆ, ಅಥವಾ ಮತ್ತೆ ಮತ್ತೆ ಬರುತ್ತಿದ್ದರೆ ಇಎನ್‌ಟಿ ವೈದ್ಯರಿಗೆ ತೋರಿಸಿ. ಇದನ್ನು ನಾನು ವೈದ್ಯೆಯಾಗಿ ಹೇಳುತ್ತಿಲ್ಲ, ಕಿವಿ ನಂಬಿ ಬದುಕುವವಳಾಗಿ ಹೇಳುತ್ತಿದ್ದೇನೆ. ಸ್ಟೇಷನ್ನಿಗೆ ಸ್ಕೂಟರಿನಲ್ಲಿ ಹೋಗುವವರಾದರೆ, ಸ್ಕೂಟರ್ ಮೇಲೆ ಬೇಡವೇ ಬೇಡ.

ಈಗ ಆ 143ಕ್ಕೆ ಬರೋಣ.

ರೇಡಿಯೊದಲ್ಲಿ ನಮಗೆ ಬಾಕಿ ಅನ್ನುವುದೇ ಇರಲಿಲ್ಲ. ನಿಮ್ಮ ಅಮ್ಮನನ್ನು ಕೇಳಿ ನೋಡಿ. ಪ್ರದೇಶ ಸಮಾಚಾರಕ್ಕೆ ಒಂದು ಹೊತ್ತು, ನಾಟಕಕ್ಕೆ ಒಂದು ರಾತ್ರಿ. ಕೇಳಿದರೆ ಕೇಳಿದ ಹಾಗೆ, ತಪ್ಪಿದರೆ ತಪ್ಪಿದ ಹಾಗೆ. ತಪ್ಪಿದ ನಾಟಕ ಯಾರ ಮನೆಯಲ್ಲೂ ಗುಡ್ಡೆಯಾಗಿ ಬೀಳುತ್ತಿರಲಿಲ್ಲ. ಪಾಡ್‌ಕಾಸ್ಟ್ ಬಂದ ಮೇಲೆ ಯಾವುದೂ ತಪ್ಪುವುದಿಲ್ಲ. ಯಾವುದೂ ತಪ್ಪುವುದಿಲ್ಲ ಅಂದರೆ ಎಲ್ಲವೂ ಬಾಕಿ ಉಳಿಯುತ್ತದೆ. ಅಕೌಂಟ್ಸ್ ನೋಡುವ ನಿಮಗೆ ಬಾಕಿ ಅಂದ ಕೂಡಲೇ ಸಾಲದ ಹಾಗೆ ಕಾಣಿಸುವುದು ಸಹಜ. ಆದರೆ ಇದು ಯಾರಿಗೂ ಕೊಡಬೇಕಾದ ಬಾಕಿ ಅಲ್ಲ. ಒಂದು ಸಂಜೆ ಕೂತು ಅಷ್ಟನ್ನೂ ಅಳಿಸಿಹಾಕಿ. ನಾನು ವರ್ಷಕ್ಕೆ ಎರಡು ಸಲ ಹಾಗೆ ಮಾಡುತ್ತೇನೆ. ಅಳಿಸುವಾಗ ‘ಅಯ್ಯೋ, ಇದು ಬೇಕು’ ಅಂತ ಕೈ ನಿಂತ ಮೂರೋ ನಾಲ್ಕೋ ಇರುತ್ತವಲ್ಲ, ಅವೇ ನಿಮಗೆ ಬೇಕಾದವು.

ಇನ್ನು ಮುಂದೆ ಗೆಳತಿಯರು ಲಿಂಕ್ ಹಾಕಿದಾಗ ಒಂದೇ ಒಂದು ಮಾತು ಕೇಳಿ: ‘ನೀನು ಇದನ್ನ ಎಲ್ಲಿ, ಏನು ಮಾಡ್ತಾ ಕೇಳಿದೆ?’

ಸಣ್ಣ ಪ್ರಶ್ನೆ ಅನ್ನಿಸಬಹುದು. ನನಗೆ ಇದನ್ನು ಕಲಿಸಿದ್ದು ನನ್ನ ಒಬ್ಬ ಗೆಳತಿ. ನಾಲ್ಕು ಗಂಟೆಯ ಒಂದು ಸಂದರ್ಶನವನ್ನು ಆಕೆ ಆರು ತಿಂಗಳು ಬಿಡದೇ ಹೊಗಳಿದಳು. ನಾನು ಅಡುಗೆ ಮಾಡುತ್ತಾ ಇಪ್ಪತ್ತಿಪ್ಪತ್ತು ನಿಮಿಷ ಕೇಳಿದೆ. ಎರಡನೇ ದಿನವೇ ಬಿಟ್ಟೆ. ಇಂಥದ್ದನ್ನು ಅದು ಹೇಗೆ ಮೆಚ್ಚಿದಳೋ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಆಕೆ ಅದನ್ನು ಕೇಳಿದ್ದು ಬೆಂಗಳೂರಿನಿಂದ ಶಿವಮೊಗ್ಗಕ್ಕೆ ರಾತ್ರಿ ಒಬ್ಬಳೇ ಕಾರಿನಲ್ಲಿ ಹೋಗುವಾಗ. ಮುಂದಿನ ಸಲ ನಾನು ಶಿವಮೊಗ್ಗಕ್ಕೆ ಹೋಗುವಾಗ ಬಸ್ಸಿನಲ್ಲಿ ಹಾಕಿಕೊಂಡೆ. ಊರು ಬಂದದ್ದೇ ಗೊತ್ತಾಗಲಿಲ್ಲ. ಎಪಿಸೋಡ್ ಅದೇ, ಕಿವಿಯೂ ಅದೇ. ಅದಕ್ಕೆ ಬೇಕಾಗಿದ್ದದ್ದು ಮುರಿಯದ ನಾಲ್ಕು ಗಂಟೆ.

ಹಾಗಾಗಿ ಶಿಫಾರಸು ಅಂದರೆ ಅರ್ಧ ಎಪಿಸೋಡಿನ ಬಗ್ಗೆ, ಅರ್ಧ ಅದನ್ನು ಕೇಳಿದವರ ಆ ದಿನದ ಬಗ್ಗೆ. ಇದು ತಿಳಿದರೆ ‘ಎಲ್ಲರಿಗೂ ಹಿಡಿಸಿದ್ದು ನನಗ್ಯಾಕೆ ಹಿಡಿಸಲ್ಲ’ ಅನ್ನುವ ಸಂಕಟ ಇರುವುದಿಲ್ಲ. ಶೋ ಹೆಸರು ಹೇಳಿ ‘ಚೆನ್ನಾಗಿದೆ’ ಅಂದರೆ ಸಾಲದು, ಯಾವ ಎಪಿಸೋಡ್ ಅಂತಲೂ ಕೇಳಿ. ಮುನ್ನೂರು ಎಪಿಸೋಡ್ ಇರುವ ಶೋನಲ್ಲಿ ಒಳ್ಳೆಯವು ಮೂವತ್ತು ಇದ್ದರೆ ಅದೇ ದೊಡ್ಡದು. ಇದನ್ನು ಮಾಡುವವಳಾಗಿ ಹೇಳುತ್ತಿದ್ದೇನೆ.

ಒಂದು ಪುಟ್ಟ ವಿಷಯ. ‘32ನೇ ನಿಮಿಷದಿಂದ ಕೇಳು’ ಅಂತ ಯಾರಾದರೂ ಹೇಳಿದರೆ, ನಿಮ್ಮ ಫೋನಿನಲ್ಲಿ ಅಲ್ಲಿ ಬೇರೇನೋ ಇರಬಹುದು. ಈಗ ಎಷ್ಟೋ ಶೋಗಳಲ್ಲಿ ಜಾಹೀರಾತನ್ನು ಮೊದಲೇ ಸೇರಿಸಿರುವುದಿಲ್ಲ. ಡೌನ್‌ಲೋಡ್ ಆಗುವ ಹೊತ್ತಿಗೆ, ಕೇಳುವವರು ಯಾವ ದೇಶದಲ್ಲಿದ್ದಾರೆ ನೋಡಿ ಸೇರಿಸುತ್ತಾರೆ. ಅಮೆರಿಕದಲ್ಲಿರುವ ನಿಮ್ಮ ಗೆಳತಿಯ 32ನೇ ನಿಮಿಷ ನಿಮ್ಮ 29 ಆಗಿರಬಹುದು.

ಇನ್ನೊಂದು ನಂಬಿಕೆ ಇದೆ. ಇದು ಸ್ವಲ್ಪ ಅಪಾಯದ್ದು. ಅಷ್ಟೊಂದು ಜನ ಹಂಚಿಕೊಂಡಿದ್ದಾರೆ, ಅಂದ ಮೇಲೆ ಅದರಲ್ಲಿರುವುದು ನಿಜ ಅನ್ನುವ ನಂಬಿಕೆ. ಇದಕ್ಕೆ ನಾನು ಯಾವಾಗಲೂ ಒಂದೇ ಉದಾಹರಣೆ ಕೊಡುವುದು. ನನ್ನ ಹತ್ತಿರ ಕಲಿಯಲು ಬರುವವರಿಗೆ ಮೊದಲ ದಿನ ಕೇಳಿಸುವುದೂ ಅದನ್ನೇ.

‘ದಿಸ್ ಅಮೆರಿಕನ್ ಲೈಫ್’ ಅನ್ನುವುದು ಅಮೆರಿಕದ ಬಹಳ ಹೆಸರಾದ ರೇಡಿಯೊ ಕಾರ್ಯಕ್ರಮ, ಪಾಡ್‌ಕಾಸ್ಟ್ ಆಗಿಯೂ ಬರುತ್ತದೆ. ಅದರ ನಿರೂಪಕರು ಐರಾ ಗ್ಲಾಸ್. 2012ರ ಜನವರಿಯಲ್ಲಿ ಅವರು ಮೈಕ್ ಡೈಸಿ ಎಂಬ ರಂಗಕಲಾವಿದರ ಮಾತನ್ನು ಪ್ರಸಾರ ಮಾಡಿದರು. ಡೈಸಿ ಚೀನಾದ ಶೆಂಜೆನ್‌ಗೆ ಹೋಗಿ, ಆ್ಯಪಲ್ ಸಾಮಾನು ತಯಾರಾಗುವ ಫಾಕ್ಸ್‌ಕಾನ್ ಕಾರ್ಖಾನೆಯ ಗೇಟಿನ ಹೊರಗೆ ಕೆಲಸಗಾರರನ್ನು ಮಾತಾಡಿಸಿದ್ದರು. ಗೇಟಿನಲ್ಲಿ ಬಂದೂಕು ಹಿಡಿದ ಕಾವಲುಗಾರರು, ಹದಿಮೂರು ವರ್ಷದ ಹುಡುಗಿ, ಕೈ ಜಜ್ಜಿಹೋದ ಮುದುಕ ಮೊದಲ ಸಲ ಐಪ್ಯಾಡ್ ಮುಟ್ಟಿ ಬೆರಗಾದದ್ದು, ಎಲ್ಲ ಅದರಲ್ಲಿತ್ತು. ಕೇಳಿದವರ ಕಣ್ಣು ಒದ್ದೆಯಾಯಿತು. ಅಲ್ಲಿಯ ತನಕ ಆ ಕಾರ್ಯಕ್ರಮದ ಇತಿಹಾಸದಲ್ಲೇ ಅತಿ ಹೆಚ್ಚು ಡೌನ್‌ಲೋಡ್ ಆದ ಎಪಿಸೋಡ್ ಅದು. ಕೇಳಿದವರೇ ಒಬ್ಬರಿಂದ ಒಬ್ಬರಿಗೆ ದಾಟಿಸಿದ್ದು.

ಚೀನಾದಲ್ಲಿದ್ದ ರಾಬ್ ಶ್ಮಿಟ್ಜ್ ಎಂಬ ರೇಡಿಯೊ ವರದಿಗಾರರಿಗೆ ಅನುಮಾನ ಬಂತು. ಅವರು ಡೈಸಿಗೆ ಅನುವಾದ ಮಾಡಿಕೊಟ್ಟಿದ್ದ ಹೆಂಗಸನ್ನು ಹುಡುಕಿ ಮಾತಾಡಿಸಿದರು. ಬಂದೂಕು ನೋಡಿಲ್ಲ ಅಂದರು ಆಕೆ. ಆ ಮುದುಕನ ಪ್ರಸಂಗವೂ ನಡೆದಿರಲಿಲ್ಲ. ಮಾರ್ಚಿನಲ್ಲಿ ಐರಾ ಗ್ಲಾಸ್ ಇಡೀ ಒಂದು ಎಪಿಸೋಡನ್ನು ಆ ತಪ್ಪಿಗೇ ಮೀಸಲಿಟ್ಟರು. ಹೆಸರು ‘ರಿಟ್ರ್ಯಾಕ್ಷನ್’, ಅಂದರೆ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದು. ಸಂಖ್ಯೆ 460. ನಾನು ಕೇಳಿ ಅನ್ನುವುದು ಇದನ್ನೇ.

ಅದರಲ್ಲಿ ಡೈಸಿಯನ್ನು ಸ್ಟುಡಿಯೊದಲ್ಲಿ ಕೂರಿಸಿ ನೇರವಾಗಿ ಪ್ರಶ್ನೆ ಕೇಳುತ್ತಾರೆ. ಡೈಸಿ ಸುಮ್ಮನಾಗುತ್ತಾರೆ. ಆ ಮೌನ ಉದ್ದ, ಬಹಳ ಉದ್ದ. ಫೋನ್ ಕೆಟ್ಟಿತೇನೋ ಅಂತ ಕೈ ಹೋಗುವಷ್ಟು ಉದ್ದ. ರೇಡಿಯೊದಲ್ಲಿ ಮೌನ ಅಂದರೆ ನಮಗೆ ಗಾಬರಿ. ಎರಡು ಸೆಕೆಂಡ್ ಖಾಲಿ ಇದ್ದರೆ ಕತ್ತರಿಸು ಅಂತಲೇ ನಮಗೆ ಕಲಿಸಿದ್ದು. ಅಲ್ಲಿ ಯಾರೋ ಒಬ್ಬ ಎಡಿಟರ್ ಕೂತು ಇದನ್ನು ಕತ್ತರಿಸಬಾರದು ಅಂತ ತೀರ್ಮಾನ ಮಾಡಿದ್ದಾರೆ. ಮೊದಲ ಸಲ ಕೇಳಿದಾಗ ನಾನು ಎದ್ದು ನಿಂತುಬಿಟ್ಟಿದ್ದೆ. ಯಾವ ಬರಹದಲ್ಲೂ ಅದನ್ನು ಹಾಗೆ ತೋರಿಸಲು ಆಗುವುದಿಲ್ಲ. ಕಿವಿಯಿಂದ ಮಾತ್ರ ಸಿಗುವಂಥದ್ದು ಏನು ಅಂತ ಯಾರಾದರೂ ಕೇಳಿದರೆ ನಾನು ತೋರಿಸುವುದು ಈ ಮೌನ.

ಆ ಎಪಿಸೋಡ್ ಅಷ್ಟಕ್ಕೇ ನಿಲ್ಲುವುದಿಲ್ಲ. ಚೀನಾದ ಕಾರ್ಖಾನೆಗಳಲ್ಲಿ ನಿಜವಾಗಿಯೂ ಇದ್ದ ಕಷ್ಟಗಳು ಯಾವುವು ಅಂತ ಕೊನೆಯ ಭಾಗದಲ್ಲಿ ಬೇರೆ ಪತ್ರಕರ್ತರೊಬ್ಬರು ಹೇಳುತ್ತಾರೆ. ಒಬ್ಬ ಸುಳ್ಳು ಸೇರಿಸಿದ ಮಾತ್ರಕ್ಕೆ ಅಲ್ಲಿನ ಕೆಲಸಗಾರರ ಕಷ್ಟ ಸುಳ್ಳಾಗಲಿಲ್ಲ. ಅದೂ ತಿಳಿದಿರಬೇಕು ಅಲ್ವಾ?

ಇಷ್ಟು ಉದ್ದಕ್ಕೆ ಯಾಕೆ ಹೇಳಿದೆ ಅಂದರೆ, ನಿಮ್ಮ ಗ್ರೂಪ್‌ಗೆ ಬರುವ ಆರೋಗ್ಯದ, ಹಣದ ಎಪಿಸೋಡ್‌ಗಳಿಗೂ ಇದು ಹೊಂದುತ್ತದೆ. ಗೆಳತಿ ಹೊಗಳಿದಳು ಅಂದರೆ ಅವಳ ಮನಸ್ಸಿಗೆ ತಟ್ಟಿತು ಅಂತ ಅರ್ಥ. ಅದು ನಿಜವೋ ಅಲ್ಲವೋ ಅನ್ನುವುದು ಬೇರೆ ವಿಷಯ. ಸಕ್ಕರೆ ಕಾಯಿಲೆಯ ಮಾತ್ರೆ ಬಿಡಬಹುದು ಅಂತಲೋ, ಇಂಥ ಕಡೆ ದುಡ್ಡು ಹಾಕಿ ಅಂತಲೋ ಯಾರಾದರೂ ಹೇಳಿದರೆ, ಮಾಡುವ ಮೊದಲು ಆ ವಿಷಯ ಗೊತ್ತಿರುವ ಒಬ್ಬರನ್ನು ಕೇಳಿ. ಒಳ್ಳೆಯ ಧ್ವನಿ ನಂಬಿಕೆ ಹುಟ್ಟಿಸುತ್ತದೆ. ಕಿವಿಗೆ ಅಷ್ಟು ಹತ್ತಿರ ಬಂದು ಮಾತಾಡುವವರು ನಮ್ಮವರೇ ಅನ್ನಿಸಿಬಿಡುತ್ತಾರೆ.

ಈಗ ನೀವು ಕೇಳಿದ ಎಪಿಸೋಡ್‌ಗಳು. ಇವೆಲ್ಲ ನನಗೂ ಬೇರೆ ಕೇಳುಗರು ಹೇಳಿದವೇ. ನಾನು ಹುಡುಕಿದ್ದಲ್ಲ.

ಮೊದಲನೆಯದು ‘99% ಇನ್‌ವಿಸಿಬಲ್’ ಶೋನ ‘ಸ್ಟ್ರಕ್ಚರಲ್ ಇಂಟೆಗ್ರಿಟಿ’. ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ನ್ಯೂಯಾರ್ಕಿನಲ್ಲಿ 1977ರಲ್ಲಿ ಸಿಟಿಕಾರ್ಪ್ ಅನ್ನುವ 59 ಅಂತಸ್ತಿನ ಕಟ್ಟಡ ಎದ್ದಿತು. ಜಾಗದ ಒಂದು ಮೂಲೆಯಲ್ಲಿ ಚರ್ಚ್ ಇತ್ತು. ಅದಕ್ಕಾಗಿ ಕಂಬಗಳನ್ನು ನಾಲ್ಕು ಮೂಲೆಗೆ ಕೊಡದೇ ನಾಲ್ಕು ಬದಿಗಳ ನಡುವೆ ಕೊಟ್ಟರು. ಮರುವರ್ಷ ಡಯಾನ್ ಹಾರ್ಟ್ಲಿ ಎಂಬ ವಿದ್ಯಾರ್ಥಿನಿ ಆ ಕಟ್ಟಡದ ಬಗ್ಗೆ ಪ್ರಬಂಧ ಬರೆಯುತ್ತಾ ಲೆಕ್ಕ ಹಾಕಿದಳು. ಮೂಲೆಯ ಕಡೆಯಿಂದ ಬೀಸುವ ಗಾಳಿಗೆ ಲೆಕ್ಕ ತಾಳೆಯಾಗಲಿಲ್ಲ. ಮುಂದಿನದನ್ನು ನಾನು ಹೇಳುವುದಿಲ್ಲ. ಇದನ್ನು ಮೊದಲಿಗೆ ಕೊಡಲು ಕಾರಣವಿದೆ. ಇದರಲ್ಲಿ ಒಂದೇ ಪ್ರಶ್ನೆ: ಕಟ್ಟಡ ಬೀಳುತ್ತದಾ? ಒಂದೇ ಪ್ರಶ್ನೆ ಇದ್ದರೆ ನಡುವೆ ಅರ್ಧ ನಿಮಿಷ ಮನಸ್ಸು ಜಾರಿದರೂ ವಾಪಸ್ ಬರಲು ದಾರಿ ಇರುತ್ತದೆ. ಲೆಕ್ಕದ ಜೊತೆ ಬದುಕುವ ನಿಮಗೆ ಇದು ಖಂಡಿತ ಹಿಡಿಸುತ್ತದೆ.

ಎರಡನೆಯದು ‘ರಿಪ್ಲೈ ಆಲ್’ ಶೋನ 158ನೇ ಎಪಿಸೋಡ್, ‘ದ ಕೇಸ್ ಆಫ್ ದ ಮಿಸ್ಸಿಂಗ್ ಹಿಟ್’. 2020ರ ಮಾರ್ಚಿನದು. ಒಬ್ಬ ಮನುಷ್ಯನಿಗೆ ಹುಡುಗನಾಗಿದ್ದಾಗ ರೇಡಿಯೊದಲ್ಲಿ ಕೇಳಿದ ಹಾಡೊಂದು ನೆನಪಿದೆ. ರಾಗ ಗೊತ್ತು, ಸಾಲು ಗೊತ್ತು. ಆದರೆ ಇಂಟರ್ನೆಟ್ಟಿನಲ್ಲಿ ಎಲ್ಲೂ ಆ ಹಾಡೇ ಇಲ್ಲ. ನಿರೂಪಕರು ಅವನ ನೆನಪಿನಿಂದಲೇ ಹಾಡನ್ನು ಮತ್ತೆ ಕಟ್ಟಿಸುತ್ತಾರೆ, ವಾದ್ಯ ನುಡಿಸುವವರನ್ನು ಕರೆಸಿ. ಆಮೇಲೆ ಅದನ್ನು ಹಿಡಿದುಕೊಂಡು ಹುಡುಕಲು ಹೊರಡುತ್ತಾರೆ. ಚಿಕ್ಕಂದಿನಲ್ಲಿ ಕೇಳಿ ಮರೆತ ಹಾಡು ನಿಮಗೂ ಒಂದಿರುತ್ತದಲ್ಲ, ಅದು ನೆನಪಾಗದೇ ಇರುವುದಿಲ್ಲ. ಇದೇ ಶೋನಲ್ಲಿ 2017ರ ‘ಲಾಂಗ್ ಡಿಸ್ಟೆನ್ಸ್’ ಅಂತ ಎರಡು ಕಂತಿನದೂ ಇದೆ. ನಿಮ್ಮ ಖಾತೆಗೆ ಯಾರೋ ನುಗ್ಗಿದ್ದಾರೆ ಅಂತ ಸುಳ್ಳು ಹೇಳಿ ದುಡ್ಡು ಕೀಳುವ ಫೋನ್ ಕರೆಯೊಂದು ನಿರೂಪಕ ಅಲೆಕ್ಸ್ ಗೋಲ್ಡ್‌ಮನ್‌ಗೆ ಬರುತ್ತದೆ. ಅವರು ಆ ಕರೆ ಮಾಡಿದವರ ಜೊತೆ ಮಾತು ಬೆಳೆಸುತ್ತಾ ಕೊನೆಗೆ ದೆಹಲಿಗೇ ಬರುತ್ತಾರೆ. ಅಲ್ಲಿ ಕೇಳುವ ಇಂಗ್ಲಿಷ್ ಅರ್ಧ ನಮ್ಮ ಕಡೆಯದೇ. ಹಾಗಾಗಿ ನಿಮಗೆ ಸುಲಭವಾಗುತ್ತದೆ.

‘ದ ಜೈಂಟ್ ಪೂಲ್ ಆಫ್ ಮನಿ’ ನಿಮ್ಮ ಕೆಲಸಕ್ಕೆ ಹತ್ತಿರದ್ದು. ಇದೂ ‘ದಿಸ್ ಅಮೆರಿಕನ್ ಲೈಫ್’ನದೇ, 2008ರ ಮೇ ತಿಂಗಳದ್ದು, ಒಂದು ಗಂಟೆ. ಅಮೆರಿಕದಲ್ಲಿ ಮನೆ ಸಾಲ ಹೇಗೆ ಕುಸಿಯಿತು ಅನ್ನುವುದನ್ನು ಸಾಲ ತೆಗೆದುಕೊಂಡವನಿಂದ ಹಿಡಿದು ಸಾಲವನ್ನು ಕಟ್ಟು ಕಟ್ಟಿ ಮಾರಿದವರ ತನಕ ಒಬ್ಬೊಬ್ಬರನ್ನೇ ಮಾತಾಡಿಸಿ ಹೇಳುತ್ತದೆ. ವರ್ಷಕ್ಕೆ ಸುಮಾರು 45 ಸಾವಿರ ಡಾಲರ್ ದುಡಿಯುವವನಿಗೆ 5 ಲಕ್ಷ 40 ಸಾವಿರ ಡಾಲರ್ ಸಾಲ ಸಿಕ್ಕಿದ್ದು ಹೇಗೆ ಅಂತ ಅವನ ಬಾಯಲ್ಲೇ ಕೇಳಬಹುದು. ಲೆಹ್ಮನ್ ಬ್ರದರ್ಸ್ ಅನ್ನುವ ಅಲ್ಲಿನ ದೊಡ್ಡ ಬ್ಯಾಂಕ್ ಮುಳುಗುವ ಮೊದಲೇ ಇದು ಬಂದಿತ್ತು. ‘ಪ್ಲಾನೆಟ್ ಮನಿ’ ಅನ್ನುವ ಹಣಕಾಸಿನ ಶೋ ಹುಟ್ಟಿದ್ದೇ ಇದರಿಂದ. ಸ್ವಲ್ಪ ಗಟ್ಟಿ ಪದಾರ್ಥ, ಎರಡು ದಿನಕ್ಕೆ ಹಂಚಿಕೊಂಡು ಕೇಳಿ.

ಬಿಬಿಸಿಯ ‘ಇನ್ ಅವರ್ ಟೈಮ್’ನಲ್ಲಿ ‘ಝೀರೊ’ ಅಂತ 2004ರ ಎಪಿಸೋಡ್ ಇದೆ. ಸೊನ್ನೆ ಎಲ್ಲಿಂದ ಬಂತು ಅಂತ ವಿದ್ವಾಂಸರು ಮಾತಾಡುತ್ತಾರೆ. ಇದು ಹರಟೆಯ ಬಗೆಯದು, ಮೆಟ್ರೊಗೆ ಅಷ್ಟು ಒಗ್ಗುವುದಿಲ್ಲ. ಭಾನುವಾರ ಬೆಳಗ್ಗೆ ತರಕಾರಿ ಹೆಚ್ಚುವಾಗ ಕೇಳಿ.

ಕೊಲೆ, ತನಿಖೆಯ ಎಪಿಸೋಡ್‌ಗಳನ್ನೂ ನಿಮ್ಮ ಗ್ರೂಪ್‌ನವರು ಕಳಿಸಿರುತ್ತಾರೆ. ಅವುಗಳಲ್ಲಿ ಎಲ್ಲರೂ ಹೇಳುವುದು ‘ಸೀರಿಯಲ್’ ಅನ್ನುವ ಪಾಡ್‌ಕಾಸ್ಟ್ ಬಗ್ಗೆ, 2014ರ 12 ಕಂತು. ಅಮೆರಿಕದ ಬಾಲ್ಟಿಮೋರ್ ಹತ್ತಿರ 1999ರಲ್ಲಿ ಕೊಲೆಯಾದ ಹೇ ಮಿನ್ ಲೀ ಎಂಬ ಹುಡುಗಿಯ ಕತೆ, ಅದಕ್ಕಾಗಿ ಜೈಲಿಗೆ ಹೋದ ಅದ್ನಾನ್ ಸೈಯದ್ ಕತೆ. ಕಂತು ಕಟ್ಟಿದ ರೀತಿ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಮೊದಲ ಕಂತಿನಿಂದಲೇ ಕೇಳಬೇಕು. ಆದರೆ ಅದು ಮುಗಿದಾಗ ನಿಜ ಮುಗಿದಿರಲಿಲ್ಲ. 2022ರಲ್ಲಿ ಶಿಕ್ಷೆ ರದ್ದಾಯಿತು. 2023ರಲ್ಲಿ ಮೇಲಿನ ಕೋರ್ಟು ಮತ್ತೆ ಅಪರಾಧಿ ಅಂದಿತು, 2024ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. 2025ರಲ್ಲಿ, ಅಪರಾಧ ಹಾಗೇ ಉಳಿದರೂ ಅನುಭವಿಸಿದ ಜೈಲು ಸಾಕು ಅಂತ ತೀರ್ಪಾಯಿತು. ಎಪಿಸೋಡ್ ಕೇಳಿ ಮುಗಿಸಿ ‘ಅವನೇ ಮಾಡಿದ್ದು’, ‘ಅವನಲ್ಲ’ ಅಂತ ನಾವು ವಾದ ಮಾಡುವಾಗ, ಮಗಳನ್ನು ಕಳೆದುಕೊಂಡ ಒಂದು ಮನೆ ಇಷ್ಟೂ ವರ್ಷ ಅದನ್ನೇ ಕೇಳಿಸಿಕೊಳ್ಳುತ್ತಿತ್ತು. ನನಗೆ ಇಂಥವನ್ನು ಮಲಗುವ ಮುಂಚೆ ಕೇಳಲು ಆಗುವುದಿಲ್ಲ. ನಿದ್ದೆ ಸರಿಯಿಲ್ಲದವರು ಯಾರೂ ಕೇಳಬೇಡಿ.

ಇಂಗ್ಲಿಷ್ ಅರ್ಧ ಗೊತ್ತಾಗಲ್ಲ ಅಂದಿರಿ. ನಾಚಿಕೆ ಯಾಕೆ? ಅವರ ಊರಿನವರಿಗೆ ಅಂತ ಮಾಡಿದ್ದನ್ನು ನೀವು ವಿಜಯನಗರದಲ್ಲಿ ಕೂತು ಅರ್ಧ ಹಿಡಿಯುತ್ತಿದ್ದೀರಿ. ‘ದಿಸ್ ಅಮೆರಿಕನ್ ಲೈಫ್’ನವರು ಪ್ರತಿ ಎಪಿಸೋಡಿನ ಮಾತನ್ನೂ ಅಕ್ಷರದಲ್ಲಿ ತಮ್ಮ ವೆಬ್‌ಸೈಟಿನಲ್ಲಿ ಹಾಕುತ್ತಾರೆ. ಆ್ಯಪಲ್‌ನ ಪಾಡ್‌ಕಾಸ್ಟ್ ಆ್ಯಪ್‌ನಲ್ಲಿ 2024ರಿಂದ ಇಂಗ್ಲಿಷ್ ಎಪಿಸೋಡ್‌ಗಳ ಅಕ್ಷರರೂಪ ತಾನಾಗಿ ಬರುತ್ತದೆ. ಮೊದಲ ಐದು ನಿಮಿಷ ಓದುತ್ತಾ ಕೇಳಿ. ಮಾತಾಡುವವರ ಹೆಸರು, ಉಚ್ಚಾರಣೆ ಒಮ್ಮೆ ಕಿವಿಗೆ ಕೂತರೆ ಆಮೇಲೆ ಅಷ್ಟು ಕಷ್ಟವಿಲ್ಲ. ಒಂದು ಶೋ ಹಿಡಿದರೆ ನಾಲ್ಕೈದು ಎಪಿಸೋಡ್ ಅದರಲ್ಲೇ ಇರಿ. ದಿನಕ್ಕೊಂದು ಹೊಸ ಧ್ವನಿಗೆ ಹಾರಿದರೆ ಕಿವಿ ಪ್ರತಿದಿನ ಮೊದಲಿನಿಂದ ಕಲಿಯಬೇಕಾಗುತ್ತದೆ.

ಕನ್ನಡದಲ್ಲೂ ಕೇಳಿ. ‘ತಲೆ-ಹರಟೆ’ ಪಾಡ್‌ಕಾಸ್ಟ್ ನಿಮಗೆ ಗೊತ್ತಿರಬಹುದು. ಅತಿಥಿಗಳನ್ನು ಕರೆದು ಬೆಂಗಳೂರು, ಭಾಷೆ, ವಿಜ್ಞಾನ ಅಂತ ಎಲ್ಲದರ ಬಗ್ಗೆ ಕನ್ನಡದಲ್ಲೇ ಮಾತಾಡುತ್ತಾರೆ. ಇದನ್ನು ಮೊದಲಿನಿಂದ ಕೇಳಬೇಕಾಗಿಲ್ಲ. ವಿಷಯ ನೋಡಿ ಆರಿಸಿ. ಇಂಥ ಹರಟೆಗಳಲ್ಲಿ ಶುರುವಿನ ಕುಶಲ ವಿಚಾರಣೆ ಬೇಡ ಅನ್ನಿಸಿದರೆ ಐದು ನಿಮಿಷ ದಾಟಿಸಿ. ತಪ್ಪೇನಿಲ್ಲ, ನಾನೂ ಹಾಗೇ ಮಾಡುತ್ತೇನೆ.

ಅಮ್ಮನ ವಿಷಯ. ಮೈಸೂರಿನವರಿಗೆ ಕೇಳುವುದನ್ನು ನಾವು ಕಲಿಸಬೇಕಾಗಿಲ್ಲ. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಬಾನುಲಿ ಶುರುಮಾಡಿದ ಊರು ಅದು, ಆಕಾಶವಾಣಿ ಅನ್ನುವ ಹೆಸರು ಬಂದದ್ದೂ ಅಲ್ಲಿಂದಲೇ. ಅಮ್ಮನಿಗೆ ಇಯರ್‌ಫೋನ್ ಕೊಟ್ಟು, ಆ್ಯಪ್ ಹಾಕಿಕೊಟ್ಟು ಬಂದುಬಿಡಬೇಡಿ. ಹಾಗೆ ಮಾಡಿದವರ ಅಮ್ಮಂದಿರು ಎರಡೇ ದಿನಕ್ಕೆ ಬಿಟ್ಟುಬಿಡುತ್ತಾರೆ, ನಾನು ನೋಡಿದ್ದೇನೆ. ಸಣ್ಣ ಸ್ಪೀಕರ್ ಒಂದನ್ನು ಹಾಲ್‌ನಲ್ಲಿ ಇಡಿ. ಮುಂದಿನ ಸಲ ಊರಿಗೆ ಹೋದಾಗ ಕನ್ನಡದ ಒಂದು ಕತೆಯೋ ಮಾತುಕತೆಯೋ ಹಾಕಿ, ಇಬ್ಬರೂ ಕೂತು ಕೇಳಿ. ನಡುವೆ ಅವರು ಏನಾದರೂ ಹೇಳಲು ಬಾಯಿ ತೆರೆದರೆ ನಿಲ್ಲಿಸಿ. ಪಾಡ್‌ಕಾಸ್ಟ್‌ನಲ್ಲಿ ರೇಡಿಯೊಗಿಂತ ಒಂದು ಸುಖ ಇದ್ದರೆ ಅದು ಇದೇ, ಅಮ್ಮ ಮಾತಾಡುವಾಗ ಅದನ್ನು ನಿಲ್ಲಿಸಬಹುದು.

ಸೋಮವಾರ ವಿಜಯನಗರದಲ್ಲಿ ರೈಲು ಹತ್ತಿದ ಕೂಡಲೇ ಆ ಸಿಟಿಕಾರ್ಪ್ ಕಟ್ಟಡದ ಎಪಿಸೋಡ್ ಹಾಕಿ, ಇದ್ದ ವೇಗದಲ್ಲೇ. ಇಂದಿರಾನಗರದ ಹೊತ್ತಿಗೆ ಹೆಚ್ಚೂ ಕಡಿಮೆ ಮುಗಿದಿರುತ್ತದೆ. ಆಮೇಲೆ ಇಯರ್‌ಫೋನ್ ತೆಗೆದು ಚೀಲದಲ್ಲಿ ಹಾಕಿ. ಕಾಡುಗೋಡಿ ಬರುವ ತನಕ ಮತ್ತೇನನ್ನೂ ಕೇಳಬೇಡಿ. ಊಟದ ಹೊತ್ತಿಗೆ ಲಿಂಕ್ ಕಳಿಸಿದ ಗೆಳತಿಯರಲ್ಲಿ ಒಬ್ಬರಿಗೆ ಆ ಕಟ್ಟಡದ ಕತೆಯನ್ನು ನಿಮ್ಮ ಮಾತಿನಲ್ಲಿ ಹೇಳಿ. ಎಷ್ಟು ನೆನಪಿದೆ ಅಂತ ನನಗೆ ಬರೆದು ತಿಳಿಸಿ.